ಮುಚ್ಚಿದ ಗಣಿಗಳ ಅಂತರ್ಜಲ: ಮಾಲಿನ್ಯ ನಿರ್ವಹಣೆಯ ವೆಚ್ಚದ ಅಂದಾಜು

ಗಣಿಗಾರಿಕೆ ನಿಂತ ಜಾಗದಲ್ಲಿ ಅಂತರ್ಜಲ ಕೆಟ್ಟಿದ್ದರೆ ಅದು ಊರಿನ ಬಾವಿ, ಹಳ್ಳ, ಹೊಲಗಳಿಗೆ ಹರಡದಂತೆ ತಡೆಯಬೇಕಾಗುತ್ತದೆ. ಆಗಲೇ ಹರಡಿದ್ದರೆ ನೀರನ್ನು ಶುದ್ಧಗೊಳಿಸಬೇಕು, ಇಲ್ಲವೇ ಜನರಿಗೆ ಬೇರೆ ನೀರು ಕೊಡಬೇಕು. ಇದಕ್ಕೆ ಎಷ್ಟು ಹಣ ಬೇಕು, ಎಷ್ಟು ವರ್ಷ ಬೇಕು, ಆ ಹಣ ಯಾರ ಕೈಯಿಂದ ಬರಬೇಕು ಎಂದು ಲೆಕ್ಕ ಹಾಕುವ ಕೆಲಸವೇ ಈ ಅಂದಾಜು. ಭೂವಿಜ್ಞಾನ, ರಸಾಯನಶಾಸ್ತ್ರ, ಎಂಜಿನಿಯರಿಂಗ್, ಹಣಕಾಸು, ಕಾನೂನು ಎಲ್ಲವೂ ಇದರಲ್ಲಿ ಸೇರುತ್ತವೆ. ಕರ್ನಾಟಕದಲ್ಲಿ ಇದಕ್ಕೆ ಎದ್ದು ಕಾಣುವ ನಿದರ್ಶನಗಳು ಎರಡು: ಕೋಲಾರ ಚಿನ್ನದ ಗಣಿ ಪ್ರದೇಶ, ಮತ್ತು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಮಂಗಳೂರು ಚಿನ್ನದ ಗಣಿಯ ಸುತ್ತಲಿನ ಹಳ್ಳಿಗಳು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಸ್ಥಿತಿ ಬೇರೆ. ಇಲ್ಲಿ ವಿಷಲೋಹದ ಗಣಿಗಳಿಲ್ಲ. ಈ ಸೀಮೆಯ ಮುಖ್ಯ ಖನಿಜಗಳಾದ ಸುಣ್ಣಕಲ್ಲು ಮತ್ತು ಡೋಲೊಮೈಟ್‌ನ ಗಣಿಗಾರಿಕೆ ಇನ್ನೂ ನಡೆದಿದೆ. ಅಂತರ್ಜಲ ಮಾತ್ರ ಬೇರೆ ಕಾರಣಗಳಿಂದ ಈಗಾಗಲೇ ಕೆಟ್ಟಿದೆ. ಗಣಿ ಮುಚ್ಚುವ ಮೊದಲೇ ಲೆಕ್ಕ ಶುರುಮಾಡಲು ಅವಕಾಶವಿರುವ ಪ್ರದೇಶ ಇದಾದ್ದರಿಂದ ಈ ಲೇಖನದಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಕೊಡಲಾಗಿದೆ.

ಪಂಪು ನಿಂತ ಮೇಲೆ

ಗಣಿ ನಡೆಯುವಾಗ ಒಳಗೆ ಒಸರುವ ನೀರನ್ನು ಹಗಲೂ ರಾತ್ರಿ ಮೇಲೆತ್ತಿ ಹೊರಹಾಕುತ್ತಾರೆ. ಸುತ್ತಲಿನ ಅಂತರ್ಜಲ ಮಟ್ಟ ಕೆಳಗಿಳಿದು, ಕಲ್ಲಿನ ಬಿರುಕುಗಳಿಗೆ ಗಾಳಿ ಹೊಗುತ್ತದೆ. ಪೈರೈಟ್, ಆರ್ಸೆನೋಪೈರೈಟ್‌ನಂಥ ಗಂಧಕಯುಕ್ತ ಖನಿಜಗಳು ಗಾಳಿ ಮತ್ತು ತೇವಕ್ಕೆ ಸಿಕ್ಕರೆ ಗಂಧಕಾಮ್ಲ ಹುಟ್ಟುತ್ತದೆ, ಕಬ್ಬಿಣ, ತಾಮ್ರ, ಪಾಷಾಣ (ಆರ್ಸೆನಿಕ್) ಬಿಡುಗಡೆಯಾಗುತ್ತವೆ. ಗಣಿ ಮುಚ್ಚಿ ಪಂಪು ನಿಂತ ಮೇಲೆ ನೀರು ನಿಧಾನವಾಗಿ ಏರಿ, ಅದುವರೆಗೆ ಒಣಗಿದ್ದ ಗೋಡೆಗಳ ಮೇಲಿನ ಲವಣವನ್ನೆಲ್ಲ ಕರಗಿಸಿಕೊಳ್ಳುತ್ತದೆ. ಒಂದು ದಿನ ಹಳೆಯ ಸುರಂಗದ ಬಾಯಿಂದಲೋ ತಗ್ಗಿನ ಹಳ್ಳದಲ್ಲೋ ಹೊರಗೆ ಬರುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ವೀಲ್ ಜೇನ್ ತವರದ ಗಣಿಯಲ್ಲಿ 1991ರಲ್ಲಿ ಕೆಲಸ ನಿಂತಿತು. 1992ರ ಜನವರಿಯಲ್ಲೇ ಒಳಗಿನ ಕೆಂಪು ನೀರು ನದಿಗೆ ನುಗ್ಗಿತು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳ ಪಶ್ಚಿಮ ಭಾಗದಲ್ಲಿ 2002ರಲ್ಲಿ ಹೀಗೇ ಆಯಿತು.

ಇದರಿಂದ ಲೆಕ್ಕಕ್ಕೆ ಒಂದು ದೊಡ್ಡ ತೊಡಕು ಬರುತ್ತದೆ. ಗಣಿ ಲಾಭ ತರುತ್ತಿರುವಾಗ ನೀರು ಅಷ್ಟಾಗಿ ಕೆಟ್ಟಿರುವುದಿಲ್ಲ; ನೀರು ಕೆಡುವ ಹೊತ್ತಿಗೆ ಲಾಭವೂ ಇರುವುದಿಲ್ಲ, ಗುತ್ತಿಗೆದಾರನೂ ಇರುವುದಿಲ್ಲ. ಹೀಗಾಗಿ ಅಂದಾಜು ಹಾಕಬೇಕಾದದ್ದು ಇನ್ನೂ ಕಾಣದ ಮಾಲಿನ್ಯಕ್ಕೆ.

ಖರ್ಚಿನ ಬಾಬುಗಳು

ಅಂದಾಜುಪಟ್ಟಿಯ ಮೊದಲ ಬಾಬು ತನಿಖೆ. ಅಂತರ್ಜಲ ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಹರಿಯುತ್ತಿದೆ, ಅದರಲ್ಲಿ ಏನಿದೆ ಎಂದು ತಿಳಿಯಲು ನಿಗಾ ಕೊಳವೆಬಾವಿ ಕೊರೆಯಬೇಕು. ಒಟ್ಟು ಖರ್ಚಿನಲ್ಲಿ ಇದರ ಪಾಲು ಸಣ್ಣದು. ಆದರೂ ಮೊದಲು ಕತ್ತರಿ ಬೀಳುವುದು ಇದಕ್ಕೇ. ಇಡೀ ಲೆಕ್ಕ ನಿಂತಿರುವುದು ಈ ಬಾವಿಗಳಿಂದ ಬರುವ ಅಂಕಿಗಳ ಮೇಲೆ ಎಂಬುದನ್ನು ನೆನೆದರೆ ಇದು ತೀರ ತಪ್ಪಾದ ಉಳಿತಾಯ.

ಒಂದು ಮಾದರಿ ನೀರು ತೆಗೆಯುವ ಕ್ರಮವನ್ನೇ ನೋಡಬಹುದು. ಕೊಳವೆಯಲ್ಲಿ ನಿಂತ ನೀರು ಸುತ್ತಲಿನ ಬಂಡೆಯ ನೀರಲ್ಲ. ಆದ್ದರಿಂದ ಪಂಪು ಚಾಲೂ ಮಾಡಿ ಉಷ್ಣತೆ, ಆಮ್ಲಾಂಶದ ಪಿಎಚ್, ವಿದ್ಯುತ್ ವಾಹಕತೆ ಈ ಮೂರೂ ಒಂದೇ ಮಟ್ಟದಲ್ಲಿ ನಿಲ್ಲುವ ತನಕ ನೀರು ಚೆಲ್ಲಬೇಕು. ಲೋಹ ಪರೀಕ್ಷೆಯ ಬಾಟಲಿಗೆ 0.45 ಮೈಕ್ರಾನ್ ಸೋಸುಹಾಳೆಯಲ್ಲಿ ಸೋಸಿದ ನೀರು ತುಂಬಿ, ಪಿಎಚ್ 2ಕ್ಕಿಂತ ಕೆಳಗೆ ಬರುವಷ್ಟು ನೈಟ್ರಿಕ್ ಆಮ್ಲ ಹಾಕಬೇಕು. ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ವರದಿಯಲ್ಲಿ ಕಾಣೆಯಾಗುತ್ತದೆ. ಚಿನ್ನದ ಗಣಿಗಳಲ್ಲಿ ಬಳಸುವ ಸೈನೈಡ್‌ನ ಪರೀಕ್ಷೆಯ ಬಾಟಲಿಗೆ ಇದೇ ಆಮ್ಲ ಹಾಕಿದರೆ ವಿಷಾನಿಲ ಹೊರಟು ಮಾದರಿಯೂ ಕೆಡುತ್ತದೆ, ತೆಗೆದವನಿಗೂ ಅಪಾಯ. ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 12ರ ಮೇಲೇರಿಸಿ, ಬೆಳಕು ತಾಗದಂತೆ ಐಸ್‌ಪೆಟ್ಟಿಗೆಯಲ್ಲಿಟ್ಟು ಸಾಗಿಸಬೇಕು. ಜೊತೆಗೆ ಶುದ್ಧ ನೀರು ತುಂಬಿದ ಒಂದು ಬಾಟಲಿಯೂ ಅದೇ ಪೆಟ್ಟಿಗೆಯಲ್ಲಿ ಹೋಗಿ ಬರಬೇಕು; ಅದರಲ್ಲಿ ಪಾಷಾಣ ಕಂಡರೆ ಅದು ಗಣಿಯದಲ್ಲ, ಪೆಟ್ಟಿಗೆಯದೋ ಕೈಯದೋ ಎಂದು ಗೊತ್ತಾಗುತ್ತದೆ. ಇಷ್ಟೆಲ್ಲ ಮಾಡದೆ ಪೇಟೆಯ ನೀರಿನ ಬಾಟಲಿಯಲ್ಲಿ ತುಂಬಿ ತಂದ ಮಾದರಿಯ ಮೇಲೆ ಕೋಟಿ ರೂಪಾಯಿಗಳ ಅಂದಾಜು ಕಟ್ಟುವುದು ಸಲ್ಲದು. ಮಳೆಗಾಲದ ಮುಂಚೆ ಮತ್ತು ಆಮೇಲಿನ ನೀರು ಒಂದೇ ಆಗಿರದ ಕಾರಣ ಕನಿಷ್ಠ ಒಂದು ಪೂರ್ತಿ ವರ್ಷದ ಅಳತೆ ಬೇಕು. ಕೇಂದ್ರ ಅಂತರ್ಜಲ ಮಂಡಳಿ ತನ್ನ ನಿಗಾ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುವುದು ಇದೇ ಕಾರಣಕ್ಕೆ.

ಎರಡನೆಯ ಬಾಬು ಮೂಲವನ್ನು ಕಟ್ಟಿಹಾಕುವುದು: ತ್ಯಾಜ್ಯದ ದಿಬ್ಬಗಳಿಗೆ ಮಣ್ಣು ಹೊದಿಸುವುದು, ಮಳೆನೀರು ಅದರ ಮೇಲೆ ಹರಿಯದಂತೆ ಕಾಲುವೆ ತಿರುಗಿಸುವುದು, ಸುರಂಗದ ಬಾಯಿ ಮುಚ್ಚುವುದು. ಒಮ್ಮೆ ಆಗುವ ಖರ್ಚು ಇದು. ಗುತ್ತಿಗೆದಾರರ ದರಪಟ್ಟಿ ಹಿಡಿದು ಲೆಕ್ಕ ಮಾಡಬಹುದು.

ಮೂರನೆಯದು ಎತ್ತುವುದು ಮತ್ತು ಶುದ್ಧಗೊಳಿಸುವುದು. ಇದು ಪ್ರತಿದಿನದ ಖರ್ಚು. ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು, ಪಂಪಿನ ಒಟ್ಟು ದಕ್ಷತೆ ಶೇ. 60 ಎಂದಿಟ್ಟುಕೊಂಡರೆ, ಸುಮಾರು 0.45 ಯೂನಿಟ್ ವಿದ್ಯುತ್ ಬೇಕು. ದಿನಕ್ಕೆ ಸಾವಿರ ಘನ ಮೀಟರ್ ಎತ್ತಿದರೆ, ಯೂನಿಟ್‌ಗೆ 8 ರೂ. ಹಿಡಿದು, ವರ್ಷಕ್ಕೆ ಸುಮಾರು 13 ಲಕ್ಷ ರೂ. ಇದೇ ನೀರನ್ನು 3,000 ಮೀಟರ್ ಆಳದಿಂದ ಎತ್ತಬೇಕಾದರೆ ಮೂವತ್ತು ಪಟ್ಟು, ಸುಮಾರು 4 ಕೋಟಿ ರೂ. ಮುಚ್ಚಿದ ಆಳದ ಗಣಿಯನ್ನು ಒಣಗಿಸಿ ಇಡುವುದಕ್ಕಿಂತ ನೀರು ಏರಲು ಬಿಟ್ಟು, ಹೊರಬರುವ ಮಟ್ಟದ ಸ್ವಲ್ಪ ಕೆಳಗೆ ತಡೆದು ಎತ್ತುವುದೇ ಬಹುತೇಕ ಕಡೆ ನಡೆದಿರುವ ಪದ್ಧತಿ.

ಆಮ್ಲದ ನೀರಿಗೆ ಸುಣ್ಣವೇ ಮದ್ದು. ಲೀಟರಿಗೆ 500 ಮಿ.ಗ್ರಾಂ. ಆಮ್ಲೀಯತೆ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಇರುವ ಸಾವಿರ ಘನ ಮೀಟರ್ ನೀರಿಗೆ ದಿನಕ್ಕೆ 370 ಕೆ.ಜಿ. ಅರಳಿದ ಸುಣ್ಣ, ವರ್ಷಕ್ಕೆ 135 ಟನ್ ಬೇಕು. ಸುಡದ ಸುಣ್ಣಕಲ್ಲು ಅಗ್ಗವಾದರೂ ಕಬ್ಬಿಣದ ತುಕ್ಕು ಅದರ ಮೇಲೆ ಕವಚದಂತೆ ಕೂತು ಕಲ್ಲು ಕೆಲಸ ನಿಲ್ಲಿಸುತ್ತದೆ. ಸುಣ್ಣ ಹಾಕಿದಷ್ಟೂ ಕೆಸರು ತಳಕ್ಕೆ ಕೂರುತ್ತದೆ. ಅಂದಾಜುಗಳಲ್ಲಿ ಎಂದೂ ಕಡಿಮೆ ಬೀಳುವ ಅಂಕಿ ಈ ಕೆಸರಿನದು: ಅದನ್ನು ಒಣಗಿಸಬೇಕು, ಸಾಗಿಸಬೇಕು, ವಿಷಲೋಹವಿದ್ದರೆ ಅಪಾಯಕಾರಿ ತ್ಯಾಜ್ಯದ ತಾಣದಲ್ಲಿ ಹೂಳಬೇಕು.

ನಾಲ್ಕನೆಯದು ನಿಗಾ ಮತ್ತು ಆಡಳಿತ. ವರ್ಷದ ಮೊತ್ತ ಸಣ್ಣದು, ಆದರೆ ಮುಗಿಯುವ ದಿನಾಂಕವಿಲ್ಲದ ಖರ್ಚು.

ಕಿರದಳ್ಳಿ ತಾಂಡಾ

ಕೃಷ್ಣಾ ಕೊಳ್ಳದಲ್ಲೇ, ಜಮಖಂಡಿಯಿಂದ ನದಿಯ ಇಳಿಮುಖದಲ್ಲಿ ಬಹುದೂರ ಸಾಗಿದರೆ ಸುರಪುರ ತಾಲ್ಲೂಕು. ಕರಾವಳಿಯ ಮಂಗಳೂರಲ್ಲದ ಇನ್ನೊಂದು ಮಂಗಳೂರು ಇಲ್ಲಿದೆ. ಅದರ ಸುತ್ತಲಿನ ಗ್ರೀನ್‌ಸ್ಟೋನ್ ಶಿಲಾಪಟ್ಟಿಯಲ್ಲಿ ಚಿನ್ನ ತೆಗೆಯುತ್ತಿದ್ದ ಗಣಿ ಮುಚ್ಚಿಹೋಗಿದೆ. ಅದಕ್ಕೆ ಹತ್ತಿರದ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲಿನ ಚರ್ಮ ಗಂಟುಗಟ್ಟಿ, ಮೈಮೇಲೆ ಕಪ್ಪು ಚುಕ್ಕೆ ಎದ್ದು, ಅದು ಕುಡಿಯುವ ಕೊಳವೆಬಾವಿ ನೀರಿನ ಪಾಷಾಣದಿಂದ ಬಂದ ರೋಗವೆಂದು ವೈದ್ಯರು ಮತ್ತು ಸಂಶೋಧಕರು ಗುರುತಿಸಿದರು. ಪಾಷಾಣ ಕಾಯಿಲೆಗೆ ಹೆಸರಾದ ಬಂಗಾಳದ ಮುಖಜಭೂಮಿಯಿಂದ ದೂರ, ದಕ್ಷಿಣದ ಗಟ್ಟಿ ಬಂಡೆಯ ನಾಡಿನಲ್ಲಿ ಇದು ಕಂಡದ್ದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಈ ಪ್ರದೇಶದ ನೀರು, ಮಣ್ಣು ಮತ್ತು ಜನರ ಆರೋಗ್ಯದ ಮೇಲಿನ ವಿವರವಾದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಲ್ಲಿ ಕುಡಿಯುವ ನೀರಿನ ಪಾಷಾಣಕ್ಕೆ ಸ್ವೀಕಾರಾರ್ಹ ಮಿತಿ ಲೀಟರಿಗೆ 0.01 ಮಿ.ಗ್ರಾಂ.

ವೆಚ್ಚದ ಲೆಕ್ಕ ಕಲಿಯುವವರಿಗೆ ಇದು ಒಳ್ಳೆಯ ಪಾಠ, ಏಕೆಂದರೆ ಗುರಿ ಬದಲಾದಂತೆ ಮೊತ್ತ ಹೇಗೆ ಬದಲಾಗುತ್ತದೆ ಎಂಬುದು ಇಲ್ಲಿ ನೇರವಾಗಿ ಕಾಣುತ್ತದೆ. ಸಾವಿರ ಜನರ ಒಂದು ತಾಂಡಾ ಎಂದುಕೊಳ್ಳೋಣ. ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. ನೀರಿನಲ್ಲಿ ಲೀಟರಿಗೆ 0.1 ಮಿ.ಗ್ರಾಂ. ಪಾಷಾಣವಿದ್ದರೆ, ದಿನದ 55 ಸಾವಿರ ಲೀಟರಿನಲ್ಲಿ ಇರುವುದು ಬರೀ 5.5 ಗ್ರಾಂ, ವರ್ಷಕ್ಕೆ 2 ಕೆ.ಜಿ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಶುದ್ಧ ನೀರು ಸಾಕೆಂದು ತಲೆಗೆ 10 ಲೀಟರ್ ಹಿಡಿದರೆ ದಿನಕ್ಕೆ ಒಂದೇ ಗ್ರಾಂ. ಇಷ್ಟನ್ನು ಕಬ್ಬಿಣದ ಆಕ್ಸೈಡ್ ತುಂಬಿದ ಸೋಸುಗಡಿಗೆಯಲ್ಲಿ ಹಿಡಿಯಬಹುದು, ಘಟಕವೂ ಸಣ್ಣದು. ಆದರೆ ಗುರಿ ತಾಂಡಾದ ಲೋಟವಲ್ಲ, ನೆಲದಡಿಯ ಜಲವೇ ಶುದ್ಧವಾಗಬೇಕು ಎಂದಾದರೆ ಆ ಬಂಡೆಯ ಬಿರುಕುಗಳಲ್ಲಿರುವ ನೀರೆಲ್ಲ ಎತ್ತಬೇಕು, ಮತ್ತೆ ಮತ್ತೆ ಎತ್ತಬೇಕು. ಮೊದಲನೆಯದು ಲಕ್ಷಗಳ ಮಾತು. ಎರಡನೆಯದಕ್ಕೆ ಕೊನೆಯೇ ಇಲ್ಲ.

ಸರ್ಕಾರಗಳು ಸಾಮಾನ್ಯವಾಗಿ ಆರಿಸುವುದು ಮೊದಲನೆಯದನ್ನು, ಇಲ್ಲವೇ ನದಿಯಿಂದ ಪೈಪಿನಲ್ಲಿ ಬದಲಿ ನೀರು ತರುವುದನ್ನು. ಜನರ ಪ್ರಾಣ ಉಳಿಸಲು ಅದೇ ಸರಿ. ಆದರೆ ಅದನ್ನು ಮಾಲಿನ್ಯ ನಿರ್ವಹಣೆಯ ಪೂರ್ಣ ವೆಚ್ಚವೆಂದು ಬರೆದುಕೊಳ್ಳಬಾರದು. ಅದೇ ನೀರನ್ನು ದನ ಕುಡಿಯುತ್ತವೆ, ಅದೇ ನೀರು ಹೊಲಕ್ಕೆ ಹರಿಯುತ್ತದೆ, ಪೈಪು ಒಡೆದ ವಾರ ಜನ ಹಳೆಯ ಬೋರಿಗೇ ಹೋಗುತ್ತಾರೆ. ಇನ್ನು ಸೋಸುಗಡಿಗೆಯ ತ್ಯಾಜ್ಯ: ತಲೆಗೆ 55 ಲೀಟರಿನ ಲೆಕ್ಕದಲ್ಲಿ ವರ್ಷಕ್ಕೆ 2 ಕೆ.ಜಿ. ಪಾಷಾಣ ಹಿಡಿಯಲು ಅದರ ಹತ್ತಾರು ಪಟ್ಟು ಕಬ್ಬಿಣ ಬೇಕು, ಅದು ಒದ್ದೆ ಕೆಸರಾದಾಗ ತೂಕ ಇನ್ನೂ ಹೆಚ್ಚು. ರಾಜ್ಯದ ಅಪಾಯಕಾರಿ ತ್ಯಾಜ್ಯದ ನೆಲಭರ್ತಿ ತಾಣ ಇರುವುದು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಬಳಿ, ಸುರಪುರದಿಂದ 400 ಕಿ.ಮೀ.ಗೂ ದೂರ. ಸಾಗಣೆಯ ಈ ಬಾಬು ಅಂದಾಜಿನಲ್ಲಿ ಇಲ್ಲದಿದ್ದರೆ ಕೆಸರು ಘಟಕದ ಹಿಂದಿನ ಹಳ್ಳದಲ್ಲೇ ಉಳಿಯುತ್ತದೆ.

ಇನ್ನೊಂದು ಪ್ರಶ್ನೆ ಹೊಣೆಯದು. ಪಾಷಾಣ ಆ ಬಂಡೆಯಲ್ಲಿ ಹುಟ್ಟಾ ಇದೆ. ಚಿನ್ನದ ಜೊತೆ ಆರ್ಸೆನೋಪೈರೈಟ್ ಇರುವುದು ಜಗತ್ತಿನಾದ್ಯಂತ ಕಾಣುವ ಸಂಗತಿ. ಗಣಿ ತೋಡದಿದ್ದರೂ ಕೊಳವೆಬಾವಿಯಲ್ಲಿ ಎಷ್ಟು ಬರುತ್ತಿತ್ತು, ತೋಡಿದ್ದರಿಂದ ಎಷ್ಟು ಹೆಚ್ಚಿತು? ಗಣಿ ಶುರುವಾಗುವ ಮೊದಲು ಯಾರೂ ಅಳೆಯದ ಜಾಗದಲ್ಲಿ ಈ ಪ್ರಶ್ನೆಗೆ ಆಮೇಲೆ ಎಷ್ಟು ಖರ್ಚು ಮಾಡಿದರೂ ಪೂರ್ತಿ ಉತ್ತರ ಸಿಗುವುದಿಲ್ಲ.

ಕೋಲಾರ

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಕೋಲಾರದಲ್ಲಿ ಆಧುನಿಕ ಗಣಿಗಾರಿಕೆ ಆರಂಭಿಸಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳಿಂದ ಒಟ್ಟು ಸುಮಾರು 800 ಟನ್ ಚಿನ್ನ ಬಂತು. ಚಾಂಪಿಯನ್ ರೀಫ್ 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದು ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡ ಗಣಿಗಳನ್ನು 1972ರಿಂದ ಭಾರತ್ ಗೋಲ್ಡ್ ಮೈನ್ಸ್ ನಿಯಮಿತ ನಡೆಸಿತು. 2001ರ ಫೆಬ್ರುವರಿ 28ರಂದು ಕೆಲಸ ನಿಂತಿತು. ಸಾವಿರಾರು ಕಾರ್ಮಿಕರ ಬದುಕಿನ ಪ್ರಶ್ನೆ ಎದುರಿಗಿದ್ದಾಗ ನೀರಿನ ಪ್ರಶ್ನೆ ಹಿಂದೆ ಸರಿಯಿತು. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು.

ನೆಲದ ಮೇಲೆ ಉಳಿದದ್ದು ಸೈನೈಡ್ ದಿಬ್ಬಗಳು. ಅದಿರನ್ನು ಹಿಟ್ಟಿನಂತೆ ಅರೆದು, 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಪೇಟೆಂಟ್ ಪಡೆದ ವಿಧಾನದಂತೆ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿಯುವ ಬೂದುಬಣ್ಣದ ಪುಡಿ ಅದು. ಅಂಥ 13 ದಿಬ್ಬಗಳು ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿವೆ; ಒಟ್ಟು ಸುಮಾರು 3.3 ಕೋಟಿ ಟನ್. ಹೆಸರಿನಲ್ಲಿ ಸೈನೈಡ್ ಇದ್ದರೂ ದೀರ್ಘಕಾಲದ ಚಿಂತೆ ಅದೊಂದೇ ಅಲ್ಲ. ಸೈನೈಡ್ ಬಿಸಿಲಿಗೆ ಮತ್ತು ಗಾಳಿಗೆ ಕ್ರಮೇಣ ಒಡೆದುಹೋಗುತ್ತದೆ. ದಿಬ್ಬದಲ್ಲಿನ ಗಂಧಕಯುಕ್ತ ಖನಿಜ ಮಾತ್ರ ಪ್ರತಿ ಮಳೆಗಾಲದಲ್ಲೂ ಕೊಂಚ ಕೊಂಚವೇ ಕರಗುತ್ತ ಶತಮಾನಗಟ್ಟಲೆ ಇರಬಲ್ಲದು. ಅಂದಾಜುಗಾರರು ಹೆಸರಿನಿಂದ ಹೆದರಿಸುವ ವಸ್ತುವಿಗೆ ಹಣವಿಟ್ಟು, ಸದ್ದಿಲ್ಲದೆ ಉಳಿಯುವ ವಸ್ತುವನ್ನು ಬಿಟ್ಟುಬಿಡುವುದು ಹಲವೆಡೆ ಆಗಿರುವ ತಪ್ಪು. ಈ ಪ್ರದೇಶ ಪಾಲಾರ್ ನದಿಯ ಜಲಾನಯನದಲ್ಲಿದೆ. ಅದೇ ಪಾಲಾರ್ ಮುಂದೆ ತಮಿಳುನಾಡಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳಿಂದ ಕೆಟ್ಟು, 1996ರ ವೆಲ್ಲೂರು ಪ್ರಕರಣದಲ್ಲಿ ಮಾಲಿನ್ಯ ಮಾಡಿದವನೇ ತೆರಬೇಕೆಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಲು ಕಾರಣವಾಯಿತು.

2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಈ 13 ದಿಬ್ಬಗಳಲ್ಲಿ ಉಳಿದ ಚಿನ್ನಕ್ಕಾಗಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ವೆಚ್ಚದ ದೃಷ್ಟಿಯಿಂದ ಇದು ಮಹತ್ವದ ತಿರುವು: ಹೊರೆಯಾಗಿದ್ದ ದಿಬ್ಬ ಆದಾಯ ತರಬಹುದು, ಮತ್ತು ಅದೇ ಆದಾಯದಿಂದ ಉಳಿಕೆಯನ್ನು ತಳಕ್ಕೆ ಹಾಳೆ ಹಾಸಿದ ಹೊಸ ಜಾಗದಲ್ಲಿ ಸುರಕ್ಷಿತವಾಗಿಡಬಹುದು. ದಿಬ್ಬ ಕೆದಕಿದಾಗ ಹೊಸದಾಗಿ ಗಾಳಿಗೆ ತೆರೆದುಕೊಳ್ಳುವ ಖನಿಜದ ಲೆಕ್ಕವನ್ನು ಒಳಗೊಂಡರೆ ಮಾತ್ರ ಈ ಮಾತು ನಿಜವಾಗುತ್ತದೆ. ಜೊತೆಗೆ, 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದರಿಂದ ಜಿಲ್ಲೆಯ ಅಂತರ್ಜಲದ ಹಳೆಯ ಅಂಕಿಗಳನ್ನು ಹಾಗೆಯೇ ಬಳಸಲು ಬರುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಮುಧೋಳ ತಾಲ್ಲೂಕಿನ ಲೋಕಾಪುರ ಸೀಮೆ ಸುಣ್ಣಕಲ್ಲು ಮತ್ತು ಡೋಲೊಮೈಟ್‌ಗೆ ಹೆಸರುವಾಸಿ. ಕಲಾದಗಿಯ ಹೆಸರು ಹೊತ್ತ ಪ್ರಾಚೀನ ಶಿಲಾಸಮೂಹದ ಭಾಗ ಅದು. ಉತ್ತರಕ್ಕೆ, ಜಮಖಂಡಿಯ ಕಡೆ, ದಖ್ಖನ್ ಟ್ರಾಪ್‌ನ ಕಪ್ಪು ಶಿಲೆ ಮತ್ತು ಎರಿ ಮಣ್ಣು. ಇಲ್ಲಿನ ಸುಣ್ಣಕಲ್ಲನ್ನು ನೆಚ್ಚಿ ಸಿಮೆಂಟ್ ಕಾರ್ಖಾನೆಗಳು ಬಂದಿವೆ; ಮುದ್ದಾಪುರದ ಕಾರ್ಖಾನೆ 2009ರಲ್ಲಿ ಉತ್ಪಾದನೆ ಆರಂಭಿಸಿತು.

ಸುಣ್ಣಕಲ್ಲಿನ ಖಣಿಯಲ್ಲಿ ಆಮ್ಲ ಹುಟ್ಟುವ ಭಯ ಕಡಿಮೆ, ಕಲ್ಲೇ ಆಮ್ಲವನ್ನು ತಿನ್ನುತ್ತದೆ. ತೊಂದರೆ ಬರುವುದು ಬೇರೆ ದಾರಿಯಲ್ಲಿ. ಸಿಡಿಮದ್ದಿನ ಅಮೋನಿಯಂ ನೈಟ್ರೇಟ್‌ನ ಉಳಿಕೆ ನೀರಿಗೆ ನೈಟ್ರೇಟ್ ಸೇರಿಸುತ್ತದೆ. ಖಣಿ ಜಲಮಟ್ಟಕ್ಕಿಂತ ಕೆಳಗಿಳಿದರೆ ಸುತ್ತಲಿನ ಬಾವಿಗಳು ಬತ್ತುತ್ತವೆ. ಕೆಲಸ ನಿಂತ ಮೇಲೆ ಅದೇ ಗುಂಡಿ ಕೆರೆಯಾಗಿ, ಮೇಲಿನಿಂದ ಬಿದ್ದದ್ದೆಲ್ಲ ಸೋಸದೆ ನೇರ ಅಂತರ್ಜಲಕ್ಕೆ ಇಳಿಯುವ ಬಾಗಿಲಾಗುತ್ತದೆ. ಮುಚ್ಚಿದ ಖಣಿಗೆ ಊರಿನ ಕಸ ಸುರಿಯುವ ಅಭ್ಯಾಸ ಎಲ್ಲೆಲ್ಲೂ ಇದೆ. ಸುಣ್ಣಕಲ್ಲಿನ ನೆಲದಲ್ಲಿ ಅದು ಬಹಳ ಅಪಾಯದ್ದು. ಈ ಕಲ್ಲಿನಲ್ಲಿ ನೀರು ಬಿರುಕು ಮತ್ತು ಕರಗಿದ ಪೊಳ್ಳುಗಳಲ್ಲಿ ಹರಿಯುವುದರಿಂದ ಖಣಿಯ ಪಕ್ಕದ ಬೋರಿಗೆ ಏನೂ ಆಗದೆ ಒಂದು ಮೈಲಿ ಆಚೆಯ ಬೋರು ಕೆಡಬಹುದು. ಮರಳುಮಿಶ್ರಿತ ಮಣ್ಣಿನಲ್ಲಿ ಸಾಕಾಗುವ ನಾಲ್ಕಾರು ನಿಗಾ ಬಾವಿಗಳು ಇಲ್ಲಿ ಸಾಲುವುದಿಲ್ಲ. ಬಣ್ಣದ ದ್ರಾವಣ ಬಿಟ್ಟು ಅದು ಎಲ್ಲಿ ಎದ್ದುಬರುತ್ತದೆ ಎಂದು ಹುಡುಕುವ ಪರೀಕ್ಷೆಗೂ ಹಣ ಇಡಬೇಕು.

ಈ ತಾಲ್ಲೂಕುಗಳ ಅಂದಾಜನ್ನು ಕಠಿಣಗೊಳಿಸುವುದು ಹಿನ್ನೆಲೆಯ ಮಾಲಿನ್ಯ. ಕೃಷ್ಣಾ ಮತ್ತು ಘಟಪ್ರಭೆಯ ನೀರಾವರಿಯಲ್ಲಿ ಕಬ್ಬು ಬೆಳೆದ ಎರಿ ಭೂಮಿ ಅಲ್ಲಲ್ಲಿ ಸವಳು-ಜವಳಾಗಿದೆ. ಹೊಲಕ್ಕೆ ಚೆಲ್ಲಿದ ಯೂರಿಯಾದಿಂದಲೂ ನೈಟ್ರೇಟ್ ಬರುತ್ತದೆ, ಹಳ್ಳಿಯ ಗಟಾರದಿಂದಲೂ ಬರುತ್ತದೆ. ಫ್ಲೋರೈಡ್ ಬಂಡೆಯದೇ ಕೊಡುಗೆ. ನೇಕಾರಿಕೆಯ ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಕೂರಿಸಲು ಬಳಸುವ ಉಪ್ಪೂ ನೀರು ಸೇರುತ್ತದೆ, ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಕಾರ್ಖಾನೆಯ ಬಸಿನೀರಿದೆ. ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರು ಏರಿದಾಗ ದಡದ ಬಾವಿಗಳ ಮಟ್ಟವೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ನಾಳೆ ಒಂದು ಖಣಿ ಮುಚ್ಚಿ, ಪಕ್ಕದ ಊರಿನ ಬೋರಿನಲ್ಲಿ ಲೀಟರಿಗೆ 45 ಮಿ.ಗ್ರಾಂ. ಮಿತಿಯನ್ನು ಮೀರಿದ ನೈಟ್ರೇಟ್ ಸಿಕ್ಕರೆ, ಅದು ಸಿಡಿಮದ್ದಿನದೋ ಕಬ್ಬಿನದೋ ಎಂದು ಕಂಪನಿ ಕೇಳುತ್ತದೆ. ರೈತರ ಬಳಿ ಹಳೆಯ ಅಳತೆ ಇಲ್ಲದಿದ್ದರೆ ಉತ್ತರವಿಲ್ಲ. ಸಾರಜನಕ ಮತ್ತು ಆಮ್ಲಜನಕದ ಐಸೋಟೋಪುಗಳ ಪ್ರಮಾಣ ನೋಡಿ ಮೂಲವನ್ನು ಬಹುಮಟ್ಟಿಗೆ ಬೇರ್ಪಡಿಸಬಹುದು, ಆದರೆ ಅದು ದುಬಾರಿ ಪರೀಕ್ಷೆ. ಖಣಿ ನಡೆದಿರುವಾಗಲೇ ಸುತ್ತಲಿನ ಬಾವಿಗಳನ್ನು ವರ್ಷಕ್ಕೆರಡು ಸಲ ಅಳೆದು ದಾಖಲೆ ಇಡುವ ಖರ್ಚು ಅದರ ಮುಂದೆ ಅಲ್ಪ. ಜಮಖಂಡಿಯ ರೈತರು 1989ರಲ್ಲಿ ತಮ್ಮದೇ ಹಣ ಮತ್ತು ದುಡಿಮೆ ಹಾಕಿ ಚಿಕ್ಕಪಡಸಲಗಿ ಬಳಿ ಕೃಷ್ಣೆಗೆ ಶ್ರಮಬಿಂದು ಸಾಗರ ಬ್ಯಾರೇಜು ಕಟ್ಟಿಕೊಂಡರು. ನೀರಿನ ಪ್ರಮಾಣಕ್ಕಾಗಿ ಅಷ್ಟು ಮಾಡಿದ ಸೀಮೆಗೆ ನೀರಿನ ಗುಣದ ದಾಖಲೆ ಇಡುವುದು ಆಗದ ಕೆಲಸವಲ್ಲ.

ಕಾನೂನಿನ ದೃಷ್ಟಿಯಿಂದಲೂ ಇಲ್ಲೊಂದು ಗೋಜಲಿದೆ. ಸಿಮೆಂಟಿಗೆ ಹೋಗುವ ಸುಣ್ಣಕಲ್ಲು ಪ್ರಧಾನ ಖನಿಜ, ಕೇಂದ್ರದ ನಿಯಮಕ್ಕೆ ಒಳಪಟ್ಟದ್ದು. ಅದರ ಮಗ್ಗುಲಲ್ಲೇ ಇರುವ ಡೋಲೊಮೈಟ್ 2015ರ ಫೆಬ್ರುವರಿಯಿಂದ ಉಪಖನಿಜ, ರಾಜ್ಯದ ನಿಯಮಕ್ಕೆ ಒಳಪಟ್ಟದ್ದು. ಎರಡರ ಅಡಿಯಲ್ಲೂ ಇರುವ ನೀರು ಮಾತ್ರ ಒಂದೇ.

ವರ್ಷಗಳ ಬೆಲೆ

ಅಂದಾಜಿನಲ್ಲಿ ಅತಿ ದೊಡ್ಡ ಅಂಕಿ ಪಂಪಿನದೂ ಅಲ್ಲ, ಸುಣ್ಣದ್ದೂ ಅಲ್ಲ, ವರ್ಷಗಳದು. ಮುಂದಿನ ಖರ್ಚನ್ನು ಇಂದಿನ ಮೊತ್ತಕ್ಕೆ ಇಳಿಸಲು ಒಂದು ಡಿಸ್ಕೌಂಟ್ ದರ ಹಿಡಿಯುತ್ತಾರೆ: ಇಂದು ಬ್ಯಾಂಕಿನಲ್ಲಿ ಎಷ್ಟು ಇಟ್ಟರೆ ಅದರ ಬಡ್ಡಿಯಿಂದ ಆ ಖರ್ಚು ನಡೆದೀತು ಎಂಬ ಲೆಕ್ಕ. ವರ್ಷಕ್ಕೆ 1 ಕೋಟಿ ರೂ. ಖರ್ಚಿನ ಶುದ್ಧೀಕರಣ ಘಟಕ ಎಂದೆಂದಿಗೂ ನಡೆಯಬೇಕಾದರೆ, ಹಣದುಬ್ಬರ ಕಳೆದ ಬಡ್ಡಿ ಶೇ. 8 ಆದರೆ 12.5 ಕೋಟಿ ಸಾಕು. ಶೇ. 4 ಆದರೆ 25 ಕೋಟಿ ಬೇಕು, ಶೇ. 2 ಆದರೆ 50 ಕೋಟಿ. ಮೊದಲ 30 ವರ್ಷಕ್ಕೆ ಮಾತ್ರ ಲೆಕ್ಕ ಮಾಡಿದರೆ ಈ ಮೂರು ದರಗಳಲ್ಲಿ ಕ್ರಮವಾಗಿ 11.3, 17.3 ಮತ್ತು 22.4 ಕೋಟಿ. ಶೇ. 8ರಲ್ಲಿ 30 ವರ್ಷದ ಆಚೆಗಿನ ಕಾಲಕ್ಕೆಲ್ಲ ಸೇರಿ ಸಿಗುವ ಬೆಲೆ ಒಂದೂಕಾಲು ಕೋಟಿ. ಅಂದರೆ ಮೊಮ್ಮಕ್ಕಳು ಕುಡಿಯುವ ನೀರಿಗೆ ಹತ್ತರಲ್ಲಿ ಒಂದು ಪಾಲು. ಶೇ. 2ರಲ್ಲಿ ಅವರ ಪಾಲು ಅರ್ಧಕ್ಕೂ ಹೆಚ್ಚು. ದರ ಆರಿಸುವುದು ಲೆಕ್ಕಿಗರ ತಾಂತ್ರಿಕ ಕೆಲಸವೆಂದು ತೋರುತ್ತದೆ, ವಾಸ್ತವದಲ್ಲಿ ಅದು ಯಾರ ಬದುಕಿಗೆ ಎಷ್ಟು ಬೆಲೆ ಎಂಬ ತೀರ್ಮಾನ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2000ದಲ್ಲಿ ಹೊರತಂದ ವೆಚ್ಚದ ಕೈಪಿಡಿ ಶೇ. 7ರ ದರ ಹಿಡಿದಿತ್ತು. ನಿಜವಾದ ಖರ್ಚು ಯೋಜನಾ ಹಂತದ ಅಂದಾಜಿಗಿಂತ ಶೇ. 30 ಕಡಿಮೆಯಿಂದ ಶೇ. 50 ಹೆಚ್ಚಿನವರೆಗೆ ಆಚೀಚೆ ಆಗಬಹುದೆಂದೂ ಒಪ್ಪಿಕೊಂಡಿತ್ತು. ಒಂದೇ ಅಂಕಿ ಕೊಡುವ ಅಂದಾಜುಪಟ್ಟಿಗಿಂತ ಹೀಗೆ ಕೆಳಮಿತಿ ಮೇಲ್ಮಿತಿ ಎರಡನ್ನೂ ಕೊಡುವ ಪಟ್ಟಿಯೇ ಪ್ರಾಮಾಣಿಕ.

ಕೆನಡಾದ ಯೆಲ್ಲೊನೈಫ್ ಬಳಿಯ ಜಯಂಟ್ ಚಿನ್ನದ ಗಣಿ 1948ರಿಂದ 2004ರವರೆಗೆ ನಡೆಯಿತು. ಅದಿರು ಹುರಿದಾಗ ಹೊಗೆಯಲ್ಲಿ ಹಿಡಿದ ಪಾಷಾಣದ ಧೂಳು 2,37,000 ಟನ್ ಅದರ ನೆಲಮಾಳಿಗೆಗಳಲ್ಲಿದೆ. ನೀರು ತಾಗಿದರೆ ಕರಗುವ ಈ ಧೂಳನ್ನು ಸುತ್ತಲಿನ ಬಂಡೆ ಸಮೇತ ಹೆಪ್ಪುಗಟ್ಟಿಸಿ ಇಡುವುದು ಅಲ್ಲಿನ ಯೋಜನೆ. ಒಂದು ಕಾಲಕ್ಕೆ ಸುಮಾರು 100 ಕೋಟಿ ಡಾಲರ್ ಎನ್ನುತ್ತಿದ್ದ ವೆಚ್ಚ 2022ರಲ್ಲಿ 438 ಕೋಟಿ ಕೆನಡಾ ಡಾಲರಿಗೆ ಏರಿತು. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯ ಆಮ್ಲನೀರಿನ ವಿಷಯದಲ್ಲಿ 2000ದಲ್ಲಾದ ಒಪ್ಪಂದದಲ್ಲಿ, ವಿಮೆಯ ಮೂಲಕ ಮೂವತ್ತು ವರ್ಷ ಘಟಕ ನಡೆಸಿದ ಮೇಲೆ 2030ರಲ್ಲಿ 51.4 ಕೋಟಿ ಡಾಲರ್ ಸರ್ಕಾರದ ಕೈಸೇರಬೇಕೆಂದು ಬರೆದುಕೊಂಡಿದ್ದಾರೆ. ಮೂವತ್ತರ ಆಚೆಯೂ ಕಾಲವಿದೆ ಎಂದು ಒಪ್ಪಿಕೊಂಡ ಅಪರೂಪದ ಕಾಗದ ಅದು. ಜರ್ಮನಿಯ ರೂರ್ ಕಲ್ಲಿದ್ದಲು ಸೀಮೆಯಲ್ಲಿ ನೆಲವೇ ಕುಸಿದು ತಗ್ಗಾಗಿರುವುದರಿಂದ ಪಂಪು ಎಂದೂ ನಿಲ್ಲುವಂತಿಲ್ಲ. ಅದಕ್ಕಾಗಿ 2007ರಲ್ಲೇ ಒಂದು ಪ್ರತಿಷ್ಠಾನ ಕಟ್ಟಿ ಬಂಡವಾಳ ಕೂಡಿಸಿದರು. ಕೊನೆಯ ಗಣಿ ಮುಚ್ಚಿದ್ದು 2018ರಲ್ಲಿ.

ಹಣ ಎಲ್ಲಿಂದ

ಭಾರತದಲ್ಲಿ ಗಣಿ ಮುಚ್ಚುವ ಯೋಜನೆ ಕಡ್ಡಾಯವಾದದ್ದು 2003ರ ಏಪ್ರಿಲ್‌ನಲ್ಲಿ, ಅಂದರೆ ಕೋಲಾರದ ಗಣಿಗಳು ಮುಚ್ಚಿ ಎರಡು ವರ್ಷ ಕಳೆದ ಮೇಲೆ. ಆಗ ಗುತ್ತಿಗೆದಾರ ಇಡಬೇಕಾದ ಆರ್ಥಿಕ ಖಾತರಿ ‘ಎ’ ವರ್ಗದ (ಹೆಚ್ಚಾಗಿ ದೊಡ್ಡ ಯಂತ್ರಗಳಿಂದ ನಡೆಯುವ) ಗಣಿಗೆ ಹೆಕ್ಟೇರಿಗೆ 25,000 ರೂ. ಇತ್ತು. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಅದನ್ನು 3 ಲಕ್ಷಕ್ಕೆ, ‘ಬಿ’ ವರ್ಗಕ್ಕೆ 2 ಲಕ್ಷಕ್ಕೆ ಏರಿಸಿದವು; 2021ರ ತಿದ್ದುಪಡಿಯಲ್ಲಿ ಇವು ಕ್ರಮವಾಗಿ 5 ಲಕ್ಷ ಮತ್ತು 3 ಲಕ್ಷವಾದವು. ಏರಿಕೆ ದೊಡ್ಡದೇ. ಆದರೆ ಅಳತೆಗೋಲು ನೆಲದ ವಿಸ್ತೀರ್ಣ, ನೀರಿನ ಗುಣವಲ್ಲ. 100 ಹೆಕ್ಟೇರ್ ಬಳಸಿದ ‘ಎ’ ವರ್ಗದ ಗಣಿ ಇಡುವ ಖಾತರಿ 5 ಕೋಟಿ ರೂ.; ಅದರ ಅಡಿಯ ಬಂಡೆ ನಿರುಪದ್ರವಿ ಸುಣ್ಣಕಲ್ಲಾದರೂ ಅಷ್ಟೇ, ಪಾಷಾಣ ಬೆರೆತ ಚಿನ್ನದ ಅದಿರಾದರೂ ಅಷ್ಟೇ. ಮೇಲಿನ ಉದಾಹರಣೆಯ ಘಟಕವನ್ನು ಶೇ. 4ರ ದರದಲ್ಲಿ ಶಾಶ್ವತವಾಗಿ ನಡೆಸಲು ಬೇಕಾದ 25 ಕೋಟಿಯ ಎದುರು ಈ ಮೊತ್ತ ಇಡಬೇಕು.

ಕಟ್ಟದೆ ತಪ್ಪಿಸಿಕೊಂಡರೆ ಮೊತ್ತ ಬೆಳೆಯುತ್ತದೆ ಎಂಬುದಕ್ಕೆ ರಾಜಸ್ಥಾನದ ಬಿಚ್ಛಡಿ ಗ್ರಾಮದ ಪ್ರಕರಣ ಸಾಕ್ಷಿ. ಅದು ಗಣಿಯದಲ್ಲ, ರಾಸಾಯನಿಕ ಕಾರ್ಖಾನೆಗಳು ಬಾವಿನೀರು ಕೆಡಿಸಿದ್ದು. 1996ರಲ್ಲಿ ಸುಪ್ರೀಂ ಕೋರ್ಟ್ ಹೊಣೆ ಹೊರಿಸಿತು. ಪರಿಹಾರ ಕಾರ್ಯದ ಅಂದಾಜು 37.385 ಕೋಟಿ ರೂ. ಎಂದು ನಿಗದಿಯಾಯಿತು. ಅರ್ಜಿಯ ಮೇಲೆ ಅರ್ಜಿ ಹಾಕಿ ಕಾಲ ತಳ್ಳಿದ ಕಂಪನಿಗಳಿಗೆ ನ್ಯಾಯಾಲಯ 2011ರ ಜುಲೈನಲ್ಲಿ, 1997ರ ನವೆಂಬರ್‌ನಿಂದ ಶೇ. 12ರ ಚಕ್ರಬಡ್ಡಿ ಸೇರಿಸಿ ಕಟ್ಟಲು ಆದೇಶಿಸಿತು. ಆ ದರದಲ್ಲಿ 13 ವರ್ಷಕ್ಕೆ ಅಸಲು ನಾಲ್ಕು ಪಟ್ಟು ದಾಟುತ್ತದೆ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮ ತಂದಿತು. ತಾಣ ಗುರುತಿಸುವುದು, ಹೊಣೆಗಾರನನ್ನು ಪತ್ತೆ ಹಚ್ಚುವುದು, ಅವನಿಂದ ವೆಚ್ಚ ವಸೂಲಿ ಮಾಡುವುದು ಎಲ್ಲಕ್ಕೂ ಅದರಲ್ಲಿ ಕ್ರಮವಿದೆ. ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಮಾತ್ರ ಅದರ ವ್ಯಾಪ್ತಿಯಿಂದ ಹೊರಗಿಟ್ಟಿದ್ದಾರೆ. ಗಣಿಗೆ ಬೇರೆ ಕಾನೂನಿದೆ ಎಂಬುದು ಅದರ ಹಿಂದಿನ ತರ್ಕ. ಆದರೆ ಆ ಬೇರೆ ಕಾನೂನು ಹೆಕ್ಟೇರ್ ಲೆಕ್ಕದಲ್ಲೇ ನಿಂತಿದೆ. ಹಾಗಾಗಿ ಗಣಿ ಸೀಮೆಯ ಜನಕ್ಕೆ ಕೈಗೆಟುಕುವ ಹಣವೆಂದರೆ ಜಿಲ್ಲಾ ಖನಿಜ ಪ್ರತಿಷ್ಠಾನದ್ದು. 2015ರ ತಿದ್ದುಪಡಿಯಂತೆ ಹಳೆಯ ಗುತ್ತಿಗೆಗಳು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದ ಗುತ್ತಿಗೆಗಳು ಶೇ. 10ರಷ್ಟನ್ನು ಇದಕ್ಕೆ ಕೊಡುತ್ತವೆ, ಮತ್ತು ಕುಡಿಯುವ ನೀರು ಹಾಗೂ ಮಾಲಿನ್ಯ ನಿಯಂತ್ರಣ ಆ ನಿಧಿಯ ಆದ್ಯತೆಯ ಬಾಬುಗಳಲ್ಲೇ ಸೇರಿವೆ. ಬಾಗಲಕೋಟೆ ಜಿಲ್ಲೆಯ ಖಣಿ ಊರುಗಳ ಸುತ್ತ ನಿಗಾ ಬಾವಿ ಕೊರೆದು ವರ್ಷವರ್ಷದ ಅಳತೆಯನ್ನು ಗ್ರಾಮ ಪಂಚಾಯಿತಿಯಲ್ಲಿ ಎಲ್ಲರೂ ನೋಡುವಂತಿಡಲು ಈ ಹಣ ಬಳಸಬಹುದು. ರಾಜಧನ ಬರುವುದು ಕಲ್ಲು ಸಾಗುವವರೆಗೆ. ಕೊನೆಯ ಲಾರಿ ಹೊರಟ ವರ್ಷದಿಂದ ನಿಧಿಗೆ ಹೊಸ ಹಣ ಬರುವುದಿಲ್ಲ.